ಕಾಲು ಗಂಟೆಯ ಮನೆಯೋಗ: ಸೂರ್ಯನಮಸ್ಕಾರವೋ, ಆಸನವೋ, ಪ್ರಾಣಾಯಾಮವೋ?

ಹತ್ತು ದಿನದ ಯೋಗ ಶಿಬಿರಕ್ಕೆ ಬೆಳಗ್ಗೆ ಐದೂವರೆಗೇ ಬಂದು ನಿಂತವರು ಹನ್ನೊಂದನೇ ದಿನ ಮನೆಯಲ್ಲಿ ಚಾಪೆ ಹಾಸಿಕೊಂಡಾಗ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತಾರೆ. ಕಲಿತದ್ದು ಇಪ್ಪತ್ತೈದು ಆಸನ, ಮೂರು ಪ್ರಾಣಾಯಾಮ. ಕೈಯಲ್ಲಿರುವುದು ಹಾಲು ಕಾಯಿಸಿದ ಮೇಲೆ, ಮಕ್ಕಳನ್ನು ಎಬ್ಬಿಸುವ ಮೊದಲು ಸಿಗುವ ಕಾಲು ಗಂಟೆ. ಮೊದಲ ದಿನ ಎಲ್ಲವನ್ನೂ ಒಂದೊಂದು ಸಲ ಮಾಡಿ ಮುಗಿಸುತ್ತಾರೆ. ಮೂರನೇ ದಿನಕ್ಕೆ ಅರ್ಧವಾಗುತ್ತದೆ. ಆರನೇ ದಿನ ಚಾಪೆ ಬೀರುವಿನ ಹಿಂದೆ ಸೇರುತ್ತದೆ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಅಕ್ಕಪಕ್ಕದವರಿಗೆ ಯೋಗ ಹೇಳಿಕೊಡುತ್ತಾ ಬಂದಿರುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ‘ಇರೋದೇ ಹದಿನೈದು ನಿಮಿಷ, ಯಾವುದನ್ನ ಮಾಡ್ಲಿ?’ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಎಂಬ ಉತ್ತರ ಕೇಳಲು ಚೆನ್ನ, ನಡೆಯುವುದಿಲ್ಲ. ಹದಿನೈದು ನಿಮಿಷಕ್ಕೆ ಹತ್ತು ಬಗೆ ತುರುಕಿದರೆ ಒಂದೊಂದಕ್ಕೆ ಒಂದೂವರೆ ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಉಸಿರು ಒಂದು ಹದಕ್ಕೆ ಬರುವುದೇ ಇಲ್ಲ, ಕಾಲನ್ನು ಎಲ್ಲಿಡಬೇಕೆಂದು ನೆನಪಿಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತದೆ. ಒಂದು ಬಗೆಯನ್ನು ಆರಿಸಿಕೊಳ್ಳಿ. ಆರಿಸುವಾಗ ಮೈ ಚೆನ್ನಾಗಿರುವ ದಿನವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ರಾತ್ರಿ ಸರಿಯಾಗಿ ನಿದ್ದೆಯಾಗಿಲ್ಲ, ಮನೆಗೆ ನೆಂಟರು ಬಂದಿದ್ದಾರೆ, ಸೊಂಟ ಸಣ್ಣಗೆ ಹಿಡಿದಿದೆ, ಅಂಥ ದಿನವೂ ಮಾಡಬಹುದಾದದ್ದು ಯಾವುದೋ ಅದೇ ನಿಮ್ಮ ಅಭ್ಯಾಸ.

ಮನೆಗೆ ಹೊಂದುವ ದಾರಿ ಮುಖ್ಯವಾಗಿ ನಾಲ್ಕು. ಒಂದೊಂದರ ಗುಣವನ್ನೂ ಕೊರತೆಯನ್ನೂ ಹೇಳುತ್ತೇನೆ.

ಸೂರ್ಯನಮಸ್ಕಾರ

ಹೆಚ್ಚಿನವರ ಮೊದಲ ಆಯ್ಕೆ ಇದೇ, ಅದಕ್ಕೆ ಕಾರಣವೂ ಇದೆ. ಹನ್ನೆರಡು ಹಂತಗಳನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಆಮೇಲೆ ‘ಮುಂದೇನು’ ಎಂಬ ಯೋಚನೆಯೇ ಇರುವುದಿಲ್ಲ. ಮುಂದೆ ಬಾಗುವುದು, ಹಿಂದೆ ಬಾಗುವುದು, ಕೈಮೇಲೆ ಭಾರ ಹೊರುವುದು, ಕಾಲು ಹಿಗ್ಗಿಸುವುದು ಎಲ್ಲ ಒಂದರ ಹಿಂದೆ ಒಂದು ತಾನಾಗಿ ಬರುತ್ತವೆ. ಗರಡಿಮನೆಯಲ್ಲಿ ದಂಡ ಹೊಡೆದು ಅಭ್ಯಾಸವಿರುವವರಿಗೆ ನಡುವಿನ ಹಂತಗಳು ಪರಿಚಿತ ಎನಿಸುತ್ತವೆ. ಇದನ್ನು ಮನೆಮನೆಯ ದಿನನಿತ್ಯದ ವ್ಯಾಯಾಮವಾಗಿ ಪ್ರಚಾರ ಮಾಡಿದವರಲ್ಲಿ ದೊಡ್ಡ ಹೆಸರು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವನರಾವ್ ಪಂತ ಪ್ರತಿನಿಧಿ ಅವರದು. 1920ರ ದಶಕದಲ್ಲಿ ಅವರು ಹೇಳಿದ್ದು ದಿನವೂ ಮಾಡುವ ಅಭ್ಯಾಸದ ಬಗ್ಗೆ. ನಮ್ಮಲ್ಲಿ ಈಗ ಅದು ಎಷ್ಟೋ ಜನರಿಗೆ ರಥಸಪ್ತಮಿಯ ಒಂದು ದಿನದ 108 ಆಗಿದೆ. ವರ್ಷವೆಲ್ಲ ಸುಮ್ಮನಿದ್ದು ಅಂದು ಒಂದೇ ಉಸಿರಿಗೆ 108 ಹಾಕಿ ವಾರವಿಡೀ ಮೆಟ್ಟಿಲಿಳಿಯಲು ಆಗದವರನ್ನು ಪ್ರತಿ ವರ್ಷ ನೋಡುತ್ತೇನೆ, ಸಂಕಟವಾಗುತ್ತದೆ. ಅದೇ 108ನ್ನು ದಿನಕ್ಕೆ ಹನ್ನೆರಡರಂತೆ ಒಂಬತ್ತು ದಿನಕ್ಕೆ ಹಂಚಿದರೆ ಮೈಗೆ ಅದು ಬೇರೆಯದೇ ಅನುಭವ.

ಲೆಕ್ಕ ಹೀಗಿದೆ: ಉಸಿರಿಗೆ ತಕ್ಕಂತೆ ಮಾಡಿದರೆ ಹನ್ನೆರಡು ಹಂತದ ಒಂದು ನಮಸ್ಕಾರಕ್ಕೆ ಮುಕ್ಕಾಲರಿಂದ ಒಂದು ನಿಮಿಷ ಬೇಕು. ಬಲಗಾಲು ಹಿಂದಿಟ್ಟು ಒಂದು, ಎಡಗಾಲು ಹಿಂದಿಟ್ಟು ಇನ್ನೊಂದು. ಕೆಲವರು ಈ ಎರಡನ್ನೂ ಸೇರಿಸಿ ಒಂದೆಂದು ಎಣಿಸುತ್ತಾರೆ, ಆದ್ದರಿಂದ ಬೇರೆಯವರ ಸಂಖ್ಯೆಯ ಜೊತೆ ನಿಮ್ಮದನ್ನು ಹೋಲಿಸಲು ಹೋಗಬೇಡಿ. ಹನ್ನೆರಡು ನಮಸ್ಕಾರ, ಮೂರು ನಿಮಿಷ ಶವಾಸನ (ಅಂಗಾತ ಮಲಗಿ ಮೈ ಸಡಿಲ ಬಿಡುವುದು), ಅಲ್ಲಿಗೆ ನಿಮ್ಮ ಕಾಲು ಗಂಟೆ ಮುಗಿಯಿತು. ಹೊಸಬರು ನಾಲ್ಕರಿಂದ ಶುರುಮಾಡಿ ವಾರಕ್ಕೆ ಎರಡರಂತೆ ಏರಿಸಿದರೆ ಸಾಕು. ಮಂತ್ರ ಹೇಳುವ ಅಭ್ಯಾಸವಿದ್ದರೆ ‘ಓಂ ಮಿತ್ರಾಯ ನಮಃ’ದಿಂದ ‘ಓಂ ಭಾಸ್ಕರಾಯ ನಮಃ’ದವರೆಗಿನ ಹನ್ನೆರಡು ಹೆಸರುಗಳೇ ಎಣಿಕೆಯ ಮಣಿಗಳಾಗುತ್ತವೆ, ಮನಸ್ಸಿನಲ್ಲಿ ಬೇರೆ ಲೆಕ್ಕ ಇಡಬೇಕಿಲ್ಲ.

ಇನ್ನು ಕೊರತೆಗಳು. ಸೂರ್ಯನಮಸ್ಕಾರದಲ್ಲಿ ಬೆನ್ನು ಹಿಂದಕ್ಕೂ ಮುಂದಕ್ಕೂ ಬಾಗುತ್ತದೆ, ಆದರೆ ಪಕ್ಕಕ್ಕೆ ಬಾಗುವುದಿಲ್ಲ, ತಿರುಚಿಕೊಳ್ಳುವುದೂ ಇಲ್ಲ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರ ಬೆನ್ನಿಗೆ ಹೆಚ್ಚಾಗಿ ಬೇಕಿರುವುದು ಆ ಎರಡೇ. ಎರಡನೆಯದು, ಮಣಿಕಟ್ಟಿನ ಮೇಲೆ ಬೀಳುವ ಭಾರ. ಮೌಸ್ ಹಿಡಿದೋ ಸ್ಕೂಟರ್ ಓಡಿಸಿಯೋ ಮಣಿಕಟ್ಟು ಈಗಾಗಲೇ ನೋಯುತ್ತಿದ್ದರೆ ಇದು ನಿಮ್ಮ ದಾರಿಯಲ್ಲ. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಇಲ್ಲಿ ತಪ್ಪೂ ಎಣಿಕೆಯ ಜೊತೆಗೇ ಬೆಳೆಯುತ್ತದೆ. ಭುಜಂಗಾಸನದ ಹಂತದಲ್ಲಿ ಎದೆ ಎತ್ತುವ ಬದಲು ಸೊಂಟವನ್ನು ಕುಸಿಸುವ ಚಟವಿದ್ದರೆ, ದಿನಕ್ಕೆ ಹನ್ನೆರಡು ಬಾರಿ ಸೊಂಟಕ್ಕೆ ಅದೇ ಪೆಟ್ಟು. ನಾನೇ ಮೊದಲ ವರ್ಷ ಹೀಗೆ ಮಾಡಿ ಸೊಂಟ ನೋಯಿಸಿಕೊಂಡಿದ್ದೆ. ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ನೋಡಿ, ಮೊಣಕೈ ಸ್ವಲ್ಪ ಮಡಿಸಿ ಭುಜವನ್ನು ಹಿಂದಕ್ಕೆ ಎಳೆದುಕೊಳ್ಳಿ ಎಂದು ಹೇಳಿದ ಮೇಲೆಯೇ ಅದು ಸರಿಹೋದದ್ದು.

ನಿಂತು ಹಿಡಿಯುವ ಆಸನಗಳು

ನಲವತ್ತು ದಾಟಿದವರಿಗೆ, ಮೊದಲ ಸಲ ಯೋಗಕ್ಕೆ ಬರುವವರಿಗೆ ನಾನು ಹೆಚ್ಚಾಗಿ ಹೇಳುವುದು ಈ ದಾರಿಯನ್ನು. ನೆಟ್ಟಗೆ ನಿಲ್ಲುವ ತಾಡಾಸನ, ಒಂಟಿಕಾಲಿನ ವೃಕ್ಷಾಸನ, ಕಾಲಗಲಿಸಿ ಪಕ್ಕಕ್ಕೆ ಬಾಗುವ ತ್ರಿಕೋನಾಸನ, ಕುಳಿತು ಬೆನ್ನು ತಿರುಚುವ ವಕ್ರಾಸನ, ಮಲಗಿ ಸೊಂಟ ಎತ್ತುವ ಸೇತುಬಂಧ, ಕೊನೆಗೆ ಶವಾಸನ. ಆರೇ ಆರು. ಒಂದೊಂದರಲ್ಲಿ ಪ್ರತಿ ಪಕ್ಕಕ್ಕೆ ಅರ್ಧ ನಿಮಿಷ ನಿಲ್ಲುವುದು, ಎರಡು ಬಾರಿ. ನಮಸ್ಕಾರದಲ್ಲಿ ಇಲ್ಲದ ತಿರುವೂ ಪಕ್ಕದ ಬಾಗೂ ಇಲ್ಲಿ ಸಿಗುತ್ತವೆ. ನಿಂತಿರುವಷ್ಟು ಹೊತ್ತು ನಮ್ಮ ತಪ್ಪು ನಮಗೇ ಕಾಣುತ್ತದೆ, ತಿದ್ದಿಕೊಳ್ಳಲು ಬಿಡುವೂ ಇರುತ್ತದೆ.

ಇದಕ್ಕೆ ಮನೆಯೇ ಸಲಕರಣೆ. ತ್ರಿಕೋನಾಸನವನ್ನು ಗೋಡೆಗೆ ಬೆನ್ನು ತಾಗಿಸಿ ಮಾಡಿ ನೋಡಿ. ಹಿಂಬದಿ, ಎರಡೂ ಭುಜ, ತಲೆಯ ಹಿಂಭಾಗ ಗೋಡೆಗೆ ತಾಗಿಯೇ ಇದ್ದರೆ ಆಸನ ಸರಿಯಾಗಿದೆ. ಕೈ ನೆಲ ಮುಟ್ಟಲೇಬೇಕೆಂದು ಮುಂದಕ್ಕೆ ಬಿದ್ದರೆ ಗೋಡೆಯೇ ಹೇಳಿಬಿಡುತ್ತದೆ. ಕೈ ಕೆಳಗೆ ಒಂದು ಸ್ಟೂಲ್ ಇಟ್ಟುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಗೋಡೆ, ಕುರ್ಚಿ, ಬೆಲ್ಟು, ಕಂಬಳಿಗಳನ್ನು ಯೋಗದೊಳಗೆ ತಂದು ಜಗತ್ತಿಗೇ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಮೇಲೊಂದು ಬಂದು ಹಣ್ಣಾಗಿದ್ದ ಹುಡುಗ ಮೈಸೂರಿನಲ್ಲಿ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಆಸನ ಕಲಿಯಲು ನಿಂತ. ಬಗ್ಗದ ಮೈಯನ್ನು ಬಲವಂತದಿಂದ ಬಗ್ಗಿಸುವ ಬದಲು ಆಸನವನ್ನೇ ಮೈಯ ಹತ್ತಿರಕ್ಕೆ ತರುವುದು ಹೇಗೆ ಎಂದು ಜೀವಮಾನವಿಡೀ ಹುಡುಕಿದವರು ಅವರು. ಆದ್ದರಿಂದಲೇ ಈ ದಾರಿ ಬಿಗಿಮೈಯವರಿಗೆ ಇಷ್ಟು ಒಗ್ಗುತ್ತದೆ ಎಂದು ನನಗೆ ಅನಿಸುತ್ತದೆ.

ವೃಕ್ಷಾಸನದ ಬಗ್ಗೆ ಒಂದು ಮಾತು. ಪಾದವನ್ನು ಮಂಡಿಯ ಪಕ್ಕಕ್ಕೆ ಒತ್ತಿ ಇಡಬೇಡಿ. ತೊಡೆಯವರೆಗೆ ಏರಿಸಲು ಆಗದಿದ್ದರೆ ಮೀನಖಂಡಕ್ಕೆ, ಅದೂ ಆಗದಿದ್ದರೆ ಬೆರಳ ತುದಿ ನೆಲಕ್ಕೆ ತಾಗಿರುವಂತೆ ಕಾಲಗಂಟಿನ ಹತ್ತಿರ ಇಡಿ. ಒಂದು ಕೈ ಗೋಡೆಯ ಮೇಲಿರಲಿ. ಮನೆಯ ಹಿರಿಯರು ಜಾರಿ ಬೀಳದೆ ಓಡಾಡಲು ಬೇಕಾದ ಸಮತೋಲನ ಬರುವುದು ಇಂಥ ಅಭ್ಯಾಸದಿಂದಲೇ.

ಈ ದಾರಿಯ ಕಷ್ಟವೆಂದರೆ ಬೇಸರ. ನಮಸ್ಕಾರದಲ್ಲಿ ಬೆವರು ಬರುತ್ತದೆ, ಏನೋ ಮಾಡಿದೆ ಎಂಬ ತೃಪ್ತಿ ಕೂಡಲೇ ಸಿಗುತ್ತದೆ. ಇಲ್ಲಿ ಎರಡು ವಾರ ಏನೂ ಆಗುತ್ತಿಲ್ಲವೆಂದೇ ಅನಿಸುತ್ತದೆ. ಮೂರನೇ ವಾರ ಒಂದು ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೋ ಮೇಲಿನ ಶೆಲ್ಫಿನಿಂದ ಡಬ್ಬಿ ಇಳಿಸುವಾಗಲೋ ವ್ಯತ್ಯಾಸ ಗೊತ್ತಾಗುತ್ತದೆ.

ಶಿಥಿಲೀಕರಣ

ಕಾಲ್ಬೆರಳಿನಿಂದ ಕತ್ತಿನವರೆಗೆ ಒಂದೊಂದೇ ಕೀಲನ್ನು ನಿಧಾನವಾಗಿ ಮಡಿಸಿ, ಬಿಡಿಸಿ, ತಿರುಗಿಸುವುದು. ಬಿಹಾರದ ಮುಂಗೇರ್ ಯೋಗಶಾಲೆಯ ಪರಂಪರೆಯಲ್ಲಿ ಇದನ್ನು ಪವನಮುಕ್ತಾಸನದ ಸರಣಿ ಎನ್ನುತ್ತಾರೆ. ನಮ್ಮ ಬೆಂಗಳೂರಿನ ಜಿಗಣಿ ಬಳಿಯ ಯೋಗಕೇಂದ್ರ ಪ್ರಶಾಂತಿ ಕುಟೀರದಲ್ಲಿ ಕಲಿತವರು ಶಿಥಿಲೀಕರಣ ವ್ಯಾಯಾಮ ಎನ್ನುತ್ತಾರೆ. ‘ಇದೂ ಯೋಗವಾ?’ ಎಂದು ಮೂಗು ಮುರಿಯುವವರೇ ಹೆಚ್ಚು. ಮಂಡಿನೋವಿನ ಅಜ್ಜಿಗೆ, ಜ್ವರ ಬಿಟ್ಟು ಎದ್ದವರಿಗೆ, ನೆಲಕ್ಕೆ ಕೂತು ಏಳಲಾಗದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಮಂಚದ ಮೇಲೆ ಕೂತೇ ಮಾಡಬಹುದು. ಪಾದವನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಸಲ, ಮಂಡಿ ಮಡಿಸಿ ಬಿಡಿಸುವುದು ಹತ್ತು ಸಲ, ಭುಜದ ಮೇಲೆ ಬೆರಳಿಟ್ಟು ಮೊಣಕೈಯಿಂದ ದೊಡ್ಡ ಸುತ್ತು ಹತ್ತು ಸಲ. ಕತ್ತನ್ನು ಮಾತ್ರ ಗರಗರ ಸುತ್ತಿಸಬೇಡಿ, ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ ಸಾಕು.

ಇದರಿಂದ ಬಲ ಅಷ್ಟಾಗಿ ಬರುವುದಿಲ್ಲ. ಅದಕ್ಕಾಗಿ ಕೊನೆಗೆ ಒಂದನ್ನು ಸೇರಿಸುತ್ತೇನೆ: ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು, ಮತ್ತೆ ನಿಧಾನವಾಗಿ ಕೂರುವುದು, ಐದು ಸಲ. ಇದು ಬಸ್ಕಿಯ ಮೆತ್ತನೆಯ ರೂಪ. ಶುರುವಿನಲ್ಲಿ ಕೈ ಊರಿದರೂ ಸರಿಯೇ.

ಪ್ರಾಣಾಯಾಮ ಮತ್ತು ವಿಶ್ರಾಂತಿ

ದಣಿವು ಮೈಯದ್ದಲ್ಲ, ತಲೆಯದ್ದು ಎನ್ನುವವರಿಗೆ ಇದು. ಪಾಳಿಯಲ್ಲಿ ದುಡಿಯುವವರು, ರೋಗಿಯನ್ನು ನೋಡಿಕೊಳ್ಳುತ್ತಿರುವವರು, ಹಾಸಿಗೆಗೆ ಹೋದ ಮೇಲೂ ಆಫೀಸಿನ ಮಾತನ್ನೇ ಮೆಲುಕು ಹಾಕುವವರು. ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತರೂ ನಡೆಯುತ್ತದೆ, ಪದ್ಮಾಸನ ಬೇಕೇಬೇಕೆಂದಿಲ್ಲ. ಎರಡು ನಿಮಿಷ ಉಸಿರು ಬಿಡುವುದನ್ನು ಮಾತ್ರ ಉದ್ದ ಮಾಡುತ್ತಾ ಹೋಗುವುದು, ಐದು ನಿಮಿಷ ಉಸಿರು ಕಟ್ಟದೆ ನಾಡಿಶೋಧನ (ಮೂಗಿನ ಒಂದೊಂದೇ ಹೊಳ್ಳೆಯಲ್ಲಿ ಬದಲಿಸಿ ಬದಲಿಸಿ ಉಸಿರಾಡುವುದು), ಐದೋ ಏಳೋ ಭ್ರಾಮರಿ (ದುಂಬಿಯಂತೆ ಗುನುಗುತ್ತಾ ಉಸಿರು ಬಿಡುವುದು), ಉಳಿದದ್ದು ಶವಾಸನ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯ ಸೆಕೆಯಲ್ಲಿ ಶೀತಲಿಯನ್ನೂ, ಅಂದರೆ ನಾಲಿಗೆ ಸುರುಳಿ ಮಾಡಿ ಅದರ ಮೂಲಕ ಉಸಿರೆಳೆಯುವುದನ್ನೂ, ಸೇರಿಸಬಹುದು. ನೆಗಡಿ, ದಮ್ಮು ಇರುವವರು ಅದನ್ನು ಬಿಡಬೇಕು.

ಹೊಟ್ಟೆಯನ್ನು ಒಳಗೆಳೆದು ರಭಸದಿಂದ ಉಸಿರು ಬಿಡುವ ಕಪಾಲಭಾತಿಯನ್ನು ನಾನು ಈ ಪಟ್ಟಿಯಲ್ಲಿ ಬೇಕೆಂದೇ ಇಟ್ಟಿಲ್ಲ. ಟಿ.ವಿ. ನೋಡಿ ಅದನ್ನೇ ಮೊದಲು ಹಿಡಿದುಕೊಳ್ಳುವವರು ತುಂಬಾ ಇದ್ದಾರೆ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರು ಅದನ್ನು ಮಾಡಬಾರದು. ಗರ್ಭಿಣಿಯರಿಗಂತೂ ಸಲ್ಲದು. ಉಳಿದವರೂ ಎದುರಿಗೆ ಕಲಿಸುವವರಿದ್ದಾಗ ಕಲಿಯಲಿ.

ಪ್ರಾಣಾಯಾಮವೊಂದನ್ನೇ ಆರಿಸಿಕೊಂಡರೆ ಕೈಕಾಲಿಗೆ ಕೆಲಸ ಸಿಗುವುದಿಲ್ಲ, ಹಾಗಾಗಿ ನಡಿಗೆ ಜೊತೆಗಿರಲೇಬೇಕು. ಈ ಮಾತು ಸ್ವಲ್ಪಮಟ್ಟಿಗೆ ನಾಲ್ಕು ದಾರಿಗೂ ಅನ್ವಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ದಿನಕ್ಕೆ 15 ನಿಮಿಷವೆಂದರೆ ವಾರಕ್ಕೆ 105. ಅದರಲ್ಲಿ ಶವಾಸನವೂ ಸೇರಿದೆ. ಕಾಲು ಗಂಟೆಯ ಯೋಗ ಮಾಡಿದೆನೆಂದು ಸಂಜೆಯ ವಾಕಿಂಗ್ ಬಿಡಬೇಡಿ.

ಆಯುಷ್ ಸಚಿವಾಲಯದ ಸಾಮಾನ್ಯ ಯೋಗ ಶಿಷ್ಟಾಚಾರವನ್ನೇ ಮನೆಯಲ್ಲಿ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಅಂತರರಾಷ್ಟ್ರೀಯ ಯೋಗ ದಿನವಾದ ಜೂನ್ 21ರಂದು ಎಲ್ಲೆಡೆ ಮಾಡಿಸುವುದು ಅದೇ. 2022ರಲ್ಲಿ ನಮ್ಮ ಮೈಸೂರು ಅರಮನೆ ಅಂಗಳದಲ್ಲಿ ಸಾವಿರಾರು ಜನ ಒಟ್ಟಿಗೆ ಮಾಡಿದ್ದೂ ಅದನ್ನೇ. ಸಡಿಲಿಕೆಯಿಂದ ಧ್ಯಾನದವರೆಗೆ ಅಚ್ಚುಕಟ್ಟಾದ ಜೋಡಣೆ, ಆದರೆ ಸುಮಾರು 45 ನಿಮಿಷದ್ದು. ಭಾನುವಾರಕ್ಕೆ ಇಟ್ಟುಕೊಳ್ಳಿ. ಕೆಲಸದ ಜಾಗಕ್ಕೆಂದು ಅದೇ ಸಚಿವಾಲಯ ರೂಪಿಸಿದ ಐದು ನಿಮಿಷದ ಯೋಗ ವಿರಾಮವೂ ಇದೆ. ಮಧ್ಯಾಹ್ನ ಕುರ್ಚಿ ಬಿಟ್ಟೇಳಲು ಒಂದು ನೆಪವಾಗಿ ಅದು ಒಳ್ಳೆಯದೇ, ಮನೆಯ ಅಭ್ಯಾಸಕ್ಕೆ ಬದಲಿ ಅಲ್ಲ.

ಬೆಳಗ್ಗೆಯೋ ಸಂಜೆಯೋ

ಬೆಳಗಿನ ಪರವಾಗಿ ಎರಡು ಗಟ್ಟಿ ಕಾರಣಗಳಿವೆ: ಹೊಟ್ಟೆ ಖಾಲಿ ಇರುತ್ತದೆ, ದಿನದ ಕೆಲಸಗಳು ಇನ್ನೂ ನಮ್ಮ ಮೇಲೆ ಬಿದ್ದಿರುವುದಿಲ್ಲ. ಆದರೆ ಎದ್ದ ಕೂಡಲೇ ಆಳವಾಗಿ ಮುಂದಕ್ಕೆ ಬಾಗಬಾರದು. ರಾತ್ರಿಯಿಡೀ ಮಲಗಿರುವಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಆ ಹೊತ್ತಿನಲ್ಲಿ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಎದ್ದು, ಮುಖ ತೊಳೆದು, ಒಲೆಯ ಮೇಲೆ ಹಾಲಿಟ್ಟು, ಬಾಗಿಲಿಗೆ ನೀರು ಹಾಕಿ, ಹೀಗೆ ಅರ್ಧ ಗಂಟೆಯಾದರೂ ಓಡಾಡಿದ ಮೇಲೆ ಚಾಪೆ ಹಾಸುವುದು ಒಳ್ಳೆಯದು. ಸಂಜೆ ಮೈ ತಾನಾಗಿ ಸಡಿಲವಾಗಿರುತ್ತದೆ. ಬಿಗಿಮೈಯವರಿಗೂ ಚಳಿದೇಶಗಳಲ್ಲಿ ನೆಲೆಸಿರುವ ನಮ್ಮವರಿಗೂ ಸಂಜೆಯೇ ಹೆಚ್ಚು ಒಗ್ಗುತ್ತದೆ. ತೊಡಕು ಊಟತಿಂಡಿಯದು. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು, ನಾಲ್ಕೂವರೆಗೆ ಬೋಂಡಾ ತಿಂದು ಐದೂವರೆಗೆ ತ್ರಿಕೋನಾಸನ ಆಗದು. ಊಟದ ಮೇಲೂ ಕೂರಬಹುದಾದದ್ದು ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಒಂದೇ, ಅದೂ ಮಂಡಿ ಒಪ್ಪಿದರೆ.

ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು, ಮೊದಲು ನಿಮ್ಮ ವೈದ್ಯರನ್ನು ಕೇಳಿ. ಕಣ್ಣಿನ ಕಾಯಿಲೆ ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಭಂಗಿಗಳನ್ನೂ, ಮೂಳೆ ಸವೆತವಿರುವವರು ಬೆನ್ನು ಗೂನಾಗಿಸಿ ಮುಂದೆ ಬಾಗುವುದನ್ನೂ ಬಿಡಬೇಕು. ಅಂದರೆ ಈ ಇಬ್ಬರಿಗೂ ಸೂರ್ಯನಮಸ್ಕಾರ ಈಗಿರುವ ರೂಪದಲ್ಲಿ ಹೊಂದುವುದಿಲ್ಲ.

ಚಾಪೆಯ ವಿಚಾರ ಬೇಗ ಹೇಳಿಬಿಡುತ್ತೇನೆ. ಜಮಖಾನ ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೂ ಈಗಿನ ನುಣುಪು ಟೈಲ್ಸ್ ಮೇಲೂ ಜಾರುತ್ತದೆ. ನಿಂತು ಮಾಡುವ ಆಸನಕ್ಕೆ ಅದು ಅಪಾಯ. ರಬ್ಬರಿನ ಹಿಡಿತವಿರುವ ತೆಳು ಮ್ಯಾಟ್, 4ರಿಂದ 6 ಮಿ.ಮೀ. ದಪ್ಪದ್ದು, ಸಾಕು. ಅದಕ್ಕಿಂತ ದಪ್ಪವಾದರೆ ಮಂಡಿಗೆ ಹಿತ, ವೃಕ್ಷಾಸನದಲ್ಲಿ ಮಾತ್ರ ಪಾದ ಅಲ್ಲಾಡುತ್ತದೆ. ಮ್ಯಾಟ್ ಇಲ್ಲವೇ? ಬರಿನೆಲದ ಮೇಲೆ ಬರಿಗಾಲಲ್ಲಿ ನಿಂತು, ಮಲಗುವಾಗ ಮಾತ್ರ ಜಮಖಾನ ಹಾಸಿಕೊಳ್ಳಿ.

ಗುರುವೋ ವಿಡಿಯೊವೋ

‘ಮೈಸೂರು ಸ್ಟೈಲ್’ ಎಂಬ ಮಾತು ಇಂದು ಜಗತ್ತಿನ ಎಷ್ಟೋ ಊರುಗಳ ಯೋಗಶಾಲೆಗಳ ಬೋರ್ಡಿನ ಮೇಲಿದೆ. ಅದರ ಅರ್ಥ ನಮ್ಮೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಗುರು ಮುಂದೆ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿಕೊಡುವ ಕ್ರಮವಲ್ಲ ಅದು. ಕಲಿಯುವವರು ಆಸನಗಳ ಸಾಲನ್ನು ನೆನಪಿಟ್ಟುಕೊಂಡು ತಮ್ಮ ಉಸಿರಿನ ವೇಗದಲ್ಲಿ ತಾವೇ ಮಾಡುತ್ತಾರೆ, ಗುರು ನಡುವೆ ಓಡಾಡುತ್ತಾ ಬೇಕಾದವರಿಗೆ ಬೇಕಾದಷ್ಟು ತಿದ್ದುತ್ತಾರೆ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಿಂದ ಕಲಿಸಿದ ಕೃಷ್ಣಮಾಚಾರ್ಯರ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರ ಮೂಲಕ ಈ ಕ್ರಮ ಹೊರದೇಶಗಳಿಗೆ ಹೋಯಿತು. ಅವರ ಅಷ್ಟಾಂಗ ಸರಣಿ ನಮ್ಮ ಕಾಲು ಗಂಟೆಗೆ ಸಿಗುವಂಥದ್ದಲ್ಲ. ಆದರೆ ನೆನಪಿಟ್ಟುಕೊಂಡು ತಾನೇ ಮಾಡುವುದು ಎಂಬ ಕ್ರಮ ಮನೆಯೋಗಕ್ಕೆ ಹೇಳಿ ಮಾಡಿಸಿದ ಹಾಗಿದೆ.

ವಿಡಿಯೊ ನೋಡಿ ಕಲಿಯಬಹುದು, ವಿಡಿಯೊ ನೋಡುತ್ತಾ ಮಾಡಬಾರದು. ತ್ರಿಕೋನಾಸನದಲ್ಲಿರುವಾಗ ಟೀಪಾಯಿಯ ಮೇಲಿನ ಫೋನಿನ ಕಡೆ ಕತ್ತು ತಿರುಗಿಸಿದರೆ ಆಸನವೂ ಕೆಡುತ್ತದೆ, ಕತ್ತೂ ಉಳುಕುತ್ತದೆ. ಉಸಿರು ಅವರದಾಗುತ್ತದೆ, ನಿಮ್ಮದಲ್ಲ. ಹಿಂದಿನ ರಾತ್ರಿ ಎರಡು ಸಲ ನೋಡಿ, ಒಂದು ಚೀಟಿಯಲ್ಲಿ ಆರು ಹೆಸರು ಬರೆದು ಗೋಡೆಗೆ ಅಂಟಿಸಿ, ಬೆಳಗ್ಗೆ ಫೋನು ಬೇರೆ ಕೋಣೆಯಲ್ಲಿರಲಿ. ಗುರುವಿನ ಬಳಿ ವರ್ಷವಿಡೀ ಹೋಗಲು ಆಗದಿದ್ದರೂ ಮೊದಲ ತಿಂಗಳು ನಾಲ್ಕು ಸಲ, ಆಮೇಲೆ ಎರಡು ತಿಂಗಳಿಗೊಮ್ಮೆ ತೋರಿಸಿ ಬಂದರೆ ಬಹಳ ತಪ್ಪುಗಳು ತಪ್ಪುತ್ತವೆ. ದುಡ್ಡಿಲ್ಲ ಎನ್ನುವವರಿಗೆ ನಮ್ಮ ನಾಡಿನಲ್ಲಿ ಕಲಿಸುವವರ ಕೊರತೆ ಹಿಂದಿನಿಂದಲೂ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ‘ತಿರುಕ’ ಎಂದು ತಮ್ಮನ್ನು ಕರೆದುಕೊಂಡವರು, ಊರೂರಿನಲ್ಲಿ ಶಿಬಿರ ಮಾಡಿ ಹಳ್ಳಿಯ ಹುಡುಗರಿಗೆ ಯೋಗ, ವ್ಯಾಯಾಮ ಕಲಿಸಿದರು. ಇಂದಿಗೂ ಎಷ್ಟೋ ಊರಿನ ಉದ್ಯಾನಗಳಲ್ಲಿ, ದೇವಸ್ಥಾನದ ಅಂಗಳಗಳಲ್ಲಿ ಬೆಳಗ್ಗೆ ಉಚಿತ ತರಗತಿ ನಡೆಯುತ್ತದೆ. ಅಲ್ಲಿ ಕಲಿತು ಮನೆಯಲ್ಲಿ ಮಾಡಿ.

ಹಾಗಾದರೆ ನಿಮಗೆ ಯಾವುದು?

ಇಪ್ಪತ್ತರಿಂದ ಮೂವತ್ತೈದರ ಒಳಗಿದ್ದೀರಿ, ಕೀಲುನೋವಿಲ್ಲ, ಬೆವರು ಬೇಕು ಎಂದರೆ ಸೂರ್ಯನಮಸ್ಕಾರ. ಅದರ ಕೊರತೆ ತುಂಬಲು ಕೊನೆಯಲ್ಲಿ ಎರಡೂ ಪಕ್ಕಕ್ಕೆ ಒಂದೊಂದು ವಕ್ರಾಸನ. ಕೂತು ಕೆಲಸ ಮಾಡುವವರು, ಮಣಿಕಟ್ಟೋ ಭುಜವೋ ಬಿಗಿದವರು, ನಲವತ್ತು ದಾಟಿದವರು ನಿಂತು ಹಿಡಿಯುವ ಆಸನಗಳನ್ನು ಆರಿಸಿಕೊಳ್ಳಿ. ಅರವತ್ತೈದು ದಾಟಿದವರಿಗೆ ಶಿಥಿಲೀಕರಣ, ಕುರ್ಚಿಯಿಂದ ಏಳುವುದು, ವಾರಕ್ಕೆ ಮೂರು ದಿನ ಗೋಡೆ ಹಿಡಿದು ವೃಕ್ಷಾಸನ. ನಿದ್ದೆ ಬಾರದವರಿಗೆ ಮಲಗುವ ಮುನ್ನ ಭ್ರಾಮರಿ, ಶವಾಸನ. ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕೆಂಬುದರಲ್ಲಿ ಪರಂಪರೆಗಳ ನಡುವೆ ಒಮ್ಮತವಿಲ್ಲ. ಮೈ ಬೇಡ ಎಂದರೆ ಶವಾಸನ ಒಂದನ್ನೇ ಮಾಡಿ ಎದ್ದರೂ ಆ ದಿನದ ಅಭ್ಯಾಸ ಆದಂತೆಯೇ ಎನ್ನುವುದು ನನ್ನ ಕ್ರಮ.

ಆರಿಸಿದ್ದನ್ನು ಒಂದು ಮಂಡಲ, ಅಂದರೆ 48 ದಿನ, ಬದಲಿಸಬೇಡಿ. ಮದುವೆಮನೆ, ಪ್ರಯಾಣ, ಜ್ವರ ಎಂದು ನಡುವೆ ಬಿಟ್ಟುಹೋದರೆ ಮತ್ತೆ ಮೊದಲಿನಿಂದ ಎಣಿಸುವುದು ಬೇಡ. ಮೂರು ದಿನಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮರಳಿದ ದಿನ ಅರ್ಧದಷ್ಟೇ ಮಾಡಿ. ಹನ್ನೆರಡು ನಮಸ್ಕಾರವಿದ್ದದ್ದು ಆರಾಗಲಿ, ಅರ್ಧ ನಿಮಿಷ ನಿಲ್ಲುತ್ತಿದ್ದದ್ದು ಕಾಲು ನಿಮಿಷವಾಗಲಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಒಂದು ಗೆರೆ ಎಳೆದಿಡಿ. 49ನೇ ದಿನ ಆ ಗೆರೆಗಳನ್ನು ಎಣಿಸಿ ನೋಡಿ. ಮೂವತ್ತಕ್ಕಿಂತ ಹೆಚ್ಚಿದ್ದರೆ ಅದನ್ನೇ ಮುಂದುವರಿಸಿ. ಕಡಿಮೆಯಿದ್ದರೆ ಮೊದಲು ಹೊತ್ತನ್ನು ಬದಲಿಸಿ ಇನ್ನೊಂದು ಮಂಡಲ ನೋಡಿ, ಆಗಲೂ ಹತ್ತದಿದ್ದರೆ ಬೇರೆ ದಾರಿ ಹಿಡಿಯಿರಿ.